ಕಂಪಭೂಪನ ದಾರಿ

ವಿಜಯ ವಿಠ್ಠಲ ಗುಡಿಗೆ ಬಹಳಷ್ಟು ಜನ ಕಮಲಾಪುರದ ಕಡೆಯಿಂದ ಬರುತ್ತಾರೆ. ಕಾರು ನಿಲ್ಲಿಸಿ, ಬ್ಯಾಟರಿ ಗಾಡಿ ಹತ್ತಿ, ಐವತ್ತರ ನೋಟಿನ ಮೇಲಿರುವ ಕಲ್ಲಿನ ರಥದೆದುರು ಫೋಟೊ ತೆಗೆಸಿಕೊಂಡು ವಾಪಸು. ಅವರಿಗೆ ಗುಡಿ ದಕ್ಕುತ್ತದೆ, ಹೊಳೆ ದಕ್ಕುವುದಿಲ್ಲ. ಹೊಳೆ ಕಾಣದ ಹಂಪಿ ಅರ್ಧ ಹಂಪಿಯೂ ಅಲ್ಲ ಎನ್ನುವವನು ನಾನು.

ವಿರೂಪಾಕ್ಷ ಬಜಾರಿನ ಪೂರ್ವದ ತುದಿಯಲ್ಲಿ, ಎದುರು ಬಸವಣ್ಣನಿಗಿಂತ ತುಸು ಮೊದಲು, ಎಡಕ್ಕೆ ಒಂದು ಕಾಲುದಾರಿ ಸಿಗುತ್ತದೆ. ಅದಕ್ಕೆ ಕಂಪಭೂಪನ ದಾರಿ ಎಂದು ಹೆಸರು. ವಿಠ್ಠಲ ಗುಡಿಗೆ ಸುಮಾರು ಎರಡು ಕಿಲೋಮೀಟರ್. ಬಿರುಸಾಗಿ ನಡೆದರೆ ಅರ್ಧ ಗಂಟೆ ಸಾಕು, ಆದರೆ ದಯವಿಟ್ಟು ಬಿರುಸಾಗಿ ನಡೆಯಬೇಡಿ.

ಮೊದಲು ಬರುವುದೇ ಚಕ್ರತೀರ್ಥ. ಬಂಡೆಗಳ ಇಕ್ಕಟ್ಟಿನಲ್ಲಿ ತುಂಗಭದ್ರೆ ಇಲ್ಲಿ ಉತ್ತರಕ್ಕೆ ಹೊರಳುತ್ತಾಳೆ, ಮಡು ಆಳವಾಗಿದೆ. ದಡದ ಕೋದಂಡರಾಮನ ಗುಡಿಯಲ್ಲಿ ರಾಮ, ಸೀತೆ, ಲಕ್ಷ್ಮಣರನ್ನು ಹೆಬ್ಬಂಡೆಯಲ್ಲೇ ಕಡೆದಿದ್ದಾರೆ. ವಿರೂಪಾಕ್ಷನಿಗೂ ಪಂಪೆಗೂ ನಿಶ್ಚಿತಾರ್ಥವಾಗುವ ಫಲಪೂಜೆ ನಡೆಯುವುದು ಇಲ್ಲಿಯೇ. ಮೇಲಿನ ಯಂತ್ರೋದ್ಧಾರಕ ಆಂಜನೇಯನನ್ನು ನೋಡದೆ ಮುಂದೆ ಹೋಗಬಾರದು. ವ್ಯಾಸರಾಯರು ಪ್ರತಿಷ್ಠಾಪಿಸಿದರೆಂಬ ಈ ಹನುಮ ಹಾರುತ್ತಿಲ್ಲ, ಗದೆ ಎತ್ತಿಲ್ಲ. ಷಟ್ಕೋನದ ಯಂತ್ರದೊಳಗೆ ಪದ್ಮಾಸನ ಹಾಕಿ ಕುಳಿತಿದ್ದಾನೆ. ಸುತ್ತ, ಒಂದರ ಬಾಲ ಇನ್ನೊಂದು ಹಿಡಿದ ಕೋತಿಗಳ ಸಾಲು.

ಕೆಳಗೆ ನೀರಿನಲ್ಲಿ ಹರಿಗೋಲುಗಳು ತಿರುಗುತ್ತಿರುತ್ತವೆ. ಕೃಷ್ಣದೇವರಾಯನ ಕಾಲದಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿನ, ಹೊರಗೆ ತೊಗಲು ಹೊದಿಸಿದ ದೋಣಿಗಳಲ್ಲಿ ಜನ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಈಗ ತೊಗಲಿನ ಬದಲು ಪ್ಲಾಸ್ಟಿಕ್ ಚೀಲ, ಮೇಲೆ ಡಾಂಬರು. ಹೆಣಿಗೆ ಮಾತ್ರ ಅದೇ. ಕೋಟಿಲಿಂಗ ನೋಡಬೇಕಾದರೆ ಹರಿಗೋಲನ್ನೇ ಹತ್ತಬೇಕು: ಹೊಳೆಯ ಬಂಡೆಯಲ್ಲಿ ಕೊರೆದ ಲಿಂಗಗಳ ಸಾಲುಗಳ ಮೇಲೆ ನೀರು ಏರಿ ಇಳಿಯುತ್ತಿರುತ್ತದೆ.

ಬಲಕ್ಕೆ ಹೊರಳಿದರೆ 1534ರ ಅಚ್ಯುತರಾಯನ ಗುಡಿ ಮತ್ತು ಸೂಳೆ ಬಜಾರು. ಅದಕ್ಕೆ ಬೇರೆಯೇ ಒಂದು ಬೆಳಗು ಬೇಕು. ನೇರ ಹೋದರೆ ಸುಗ್ರೀವನ ಗವಿ. ಅದರ ಬಳಿಯ ಬಂಡೆಯ ಮೇಲೆ ಎಳೆದಂತಿರುವ ಬಿಳಿ ಪಟ್ಟೆಗಳನ್ನು ಸೀತೆಯ ಸೆರಗು ಉಜ್ಜಿದ ಗುರುತು ಎನ್ನುತ್ತಾರೆ. ಬೆಳಗಿನ ಓರೆಬಿಸಿಲಿನಲ್ಲಿ ಪಟ್ಟೆಗಳು ಎಷ್ಟು ಸ್ಪಷ್ಟವೆಂದರೆ, ಕತೆ ಕೇಳದವರೂ ಬಗ್ಗಿ ಬೆರಳಾಡಿಸುತ್ತಾರೆ.

ಇಲ್ಲಿಂದ ಹೊಳೆ ಅಗಲವಾಗುತ್ತದೆ. ನೀರಿನ ನಡುವೆ ಹಳೆಯ ಸೇತುವೆಯ ಕಲ್ಲುಕಂಬಗಳು ಸಾಲಾಗಿ ನಿಂತಿವೆ; ಹಾಸುಗಲ್ಲುಗಳು ಹೋಗಿವೆ. ಆಚೆಗೆ ಆನೆಗೊಂದಿಯ ಬೆಟ್ಟಗಳು. ಈ ದಾರಿ ವಿಹಾರಕ್ಕೆಂದು ಹುಟ್ಟಿದ್ದಲ್ಲ, ಎರಡು ದಡಗಳನ್ನೂ ಎರಡು ದೊಡ್ಡ ಗುಡಿಗಳನ್ನೂ ಕೂಡಿಸಿದ ಜನದಾರಿ ಎಂಬುದು ಈ ಕಂಬಗಳೆದುರು ನಿಂತಾಗ ಮನದಟ್ಟಾಗುತ್ತದೆ. ಪಕ್ಕದಲ್ಲೇ ಪುರಂದರ ಮಂಟಪ. ಆಮೇಲೆ ಅರಸರ ತುಲಾಭಾರದ ಕಲ್ಲಿನ ತಕ್ಕಡಿ. ಅದರ ಒಂದು ಕಂಬದ ಬುಡದಲ್ಲಿ ಇಬ್ಬರು ರಾಣಿಯರೊಂದಿಗೆ ಅರಸನ ಚಿಕ್ಕ ಉಬ್ಬುಶಿಲ್ಪವಿದೆ. ತಲೆಯೆತ್ತಿ ತೊಲೆಯನ್ನಷ್ಟೇ ನೋಡುವವರಿಗೆ ಅದು ಕಾಣುವುದಿಲ್ಲ.

ಸೂರ್ಯ ಹುಟ್ಟುವಾಗಲೇ ಹೊರಡಿ, ಹತ್ತು ಗಂಟೆಗೆಲ್ಲ ಬಂಡೆ ಕಾಯುತ್ತದೆ. ಮಳೆಗಾಲದಲ್ಲಿ ಹೋಗುವವರು ಹೊಸಪೇಟೆಯ ಅಣೆಕಟ್ಟಿನ ಗೇಟು ತೆರೆದಿದ್ದಾರೆಯೇ ಎಂದು ಮೊದಲು ವಿಚಾರಿಸಿಕೊಳ್ಳಿ. ಹೊಳೆ ತುಂಬಿ ಬಂದರೆ ಪುರಂದರ ಮಂಟಪವೇ ಮುಳುಗುತ್ತದೆ. ಆಗ ಬಸವಣ್ಣನ ಪಕ್ಕದ ಮೆಟ್ಟಿಲು ಹತ್ತಿ, ಗುಡ್ಡದ ಮೇಲಿಂದ ಅಚ್ಯುತರಾಯನ ಗುಡಿಯ ಕಡೆ ಇಳಿಯುವುದೇ ಸರಿ.