ಒತ್ತಕ್ಷರ ಪ್ಲೇಟಿಗೆ ಇಳಿಯುವವರೆಗೆ

ಸೊಲ್ಲಾಪುರ, ವಳಸಂಗ, ಅಕ್ಕಲಕೋಟ. ಒಂದೇ ದಾರಿಯ ಈ ಮೂರು ಊರುಗಳ ಹೆಸರನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿ ಹಳೆಯ ಇನ್‌ಡಿಸೈನ್‌ ಪುಟಕ್ಕೆ ಅಂಟಿಸಿದರೆ ವಳಸಂಗ ಮಾತ್ರ ಸುರಕ್ಷಿತವಾಗಿ ಇಳಿಯುತ್ತದೆ. ಮುರಿಯುವುದಕ್ಕೆ ಅದರಲ್ಲಿ ಒತ್ತೂ ಇಲ್ಲ, ಗುಣಿತವೂ ಇಲ್ಲ. ಅಕ್ಕಲಕೋಟ ಹೋಗಿ ‘ಅಕ್‌ಕಲಕೋಟ’ ಆಗುತ್ತದೆ, ಸೊಲ್ಲಾಪುರದ ಒತ್ತೂ ಹಾಗೆಯೇ ಕಳಚಿಕೊಳ್ಳುತ್ತದೆ.

ಕನ್ನಡ ಓದಬಲ್ಲವರಿಗೆ ಇದು ತಟ್ಟನೆ ಕಣ್ಣಿಗೆ ಹೊಡೆಯುತ್ತದೆ. ಆದರೆ ಈ ಸೀಮೆಯಲ್ಲಿ ಪ್ಲೇಟ್ ತೆಗೆಯುವ ಎಷ್ಟೋ ಹುಡುಗರು ಮನೆಯಲ್ಲಿ ಕನ್ನಡ ಆಡಿದರೂ ಶಾಲೆ ಕಲಿತದ್ದು ಮರಾಠಿಯಲ್ಲಿ. “ಮಾತಾಡತೀನ್ರಿ, ಓದಾಕ ಬರಂಗಿಲ್ರಿ” ಎಂದು ನೇರವಾಗಿಯೇ ಹೇಳುತ್ತಾರೆ. ಅದು ಅವರ ತಪ್ಪಲ್ಲ. ಮೊಳೆ ಜೋಡಿಸುವ ಕಾಲದಲ್ಲಿ ಪ್ರತಿ ಒತ್ತನ್ನೂ ಕಂಪೋಸಿಟರ್ ಕೈಯಾರೆ ಇಡುತ್ತಿದ್ದ. ಲಿಪಿ ಬಲ್ಲವನೇ ಆ ಕೆಲಸಕ್ಕೆ ನಿಲ್ಲುತ್ತಿದ್ದ. ಈಗ ಫೈಲು ಕಂಪ್ಯೂಟರಿನಿಂದ ನೇರ ಪ್ಲೇಟಿಗೆ ಹೋಗುತ್ತದೆ. ಆದ್ದರಿಂದ ಲಗ್ನಪತ್ರಿಕೆಯಾಗಲಿ, ಜಾತ್ರೆಯ ಹ್ಯಾಂಡ್‌ಬಿಲ್ಲಾಗಲಿ, ಸಂಘದ ಸ್ಮರಣ ಸಂಚಿಕೆಯಾಗಲಿ, ಗಡಿಯಲ್ಲಿ ಕನ್ನಡ ಪುಟ ಕಟ್ಟುವವರು ಅಚ್ಚಿಗೆ ಮುಂಚಿನ ಕೊನೆಯ ಓದುಗರು ತಾವೇ ಎಂದು ತಿಳಿದು ಫೈಲು ಕೊಡಬೇಕು.

ಮೊದಲ ಕಂಟಕ ಫಾಂಟು. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿಕೊಂಡಂಥವು. ಕೋರೆಲ್ ಅಥವಾ ಪೇಜ್‌ಮೇಕರ್ ಫೈಲನ್ನು ಹಾಗೆಯೇ ಕೊಟ್ಟಿರಿ, ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ ಎಂದರೆ ಪುಟದ ತುಂಬ ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಅದು ಯಾರಿಗಾದರೂ ಗೊತ್ತಾಗುತ್ತದೆ. ಅಪಾಯ ಇರುವುದು ಅರೆಬರೆ ಬದಲಾದಾಗ. ನುಡಿಯ ಜಾಗದಲ್ಲಿ ಬೇರೊಂದು ಕನ್ನಡ ಫಾಂಟ್ ಬಂದು ಕೂತರೆ ನೋಡುವುದಕ್ಕೆ ಎಲ್ಲ ಕನ್ನಡವೇ, ಓದಿದರೆ ಒಂದು ಶಬ್ದವೂ ಸರಿಯಿಲ್ಲ. ಲಿಪಿ ಬಾರದವರು ಅದನ್ನು ನಿಶ್ಚಿಂತೆಯಿಂದ ಮುಂದಕ್ಕೆ ಕಳಿಸುತ್ತಾರೆ. ಹೀಗಾಗಿ ಪ್ರೆಸ್ಸಿಗೆ ಹೋಗಬೇಕಾದದ್ದು ಫಾಂಟುಗಳನ್ನು ಒಳಗೇ ಅಡಗಿಸಿಕೊಂಡ ಪಿಡಿಎಫ್. ಕಾರ್ಡು, ಮುಖಪುಟಗಳಿಗೆ ಅಕ್ಷರವನ್ನು ಕರ್ವ್ ಮಾಡಿಬಿಡುವುದು ಒಳ್ಳೆಯದು; ಆದರೆ ಕರ್ವ್ ಮಾಡದ ಮೂಲವನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡಿರಬೇಕು. ಕರ್ವ್ ಆದ ಮೇಲೆ ಅದು ಬರೀ ಚಿತ್ರ, ತಿದ್ದಲಾಗದು.

ಯೂನಿಕೋಡಿನಲ್ಲಿ ಕೆಲಸ ಮಾಡುವವರಿಗೆ 2012ರ ಸಿಎಸ್6ರಿಂದ ಇನ್‌ಡಿಸೈನ್ ಕನ್ನಡಕ್ಕೆ ಒಗ್ಗಿದೆ. ಆದರೆ ಪ್ಯಾರಾಗ್ರಾಫಿಗೆ ‘ವರ್ಲ್ಡ್-ರೆಡಿ ಕಂಪೋಸರ್’ ಆರಿಸಿದ್ದರೆ ಮಾತ್ರ. ಇನ್ನೊಂದು ಸೂಕ್ಷ್ಮವಿದೆ. ‘ರ‍್ಯಾಲಿ’ ಎಂದು ಬರೆಯಲು ರಕಾರದ ಬೆನ್ನಿಗೆ ಕಣ್ಣಿಗೆ ಕಾಣದ ಸಂಕೇತವೊಂದು ಬೇಕು. ನುಡಿಯಿಂದ ಯೂನಿಕೋಡಿಗೆ ಪರಿವರ್ತಿಸುವಾಗ ಅಥವಾ ಫೈಂಡ್-ರಿಪ್ಲೇಸ್ ಮಾಡುವಾಗ ಅದು ಬಿದ್ದುಹೋದರೆ ರಕಾರ ಅರ್ಕಾವತ್ತಾಗಿ ‘ರ್ಯಾಲಿ’ ಆಗುತ್ತದೆ. ಸಾಫ್ಟ್‌ವೇರಿಗೆ ಅದು ತಪ್ಪೇ ಅಲ್ಲ, ಓದಿಯೇ ಹಿಡಿಯಬೇಕು.

ಈಗ ಕಪ್ಪು ಬಣ್ಣದ ಮಾತು. ಕೋರೆಲ್‌ನಲ್ಲಿ ಆರ್‌ಜಿಬಿ ಕಪ್ಪಿನಲ್ಲಿ ಟೈಪ್ ಮಾಡಿದ್ದನ್ನು ಸಿಎಂವೈಕೆಗೆ ತಿರುಗಿಸಿದರೆ ಅಕ್ಷರ ನಾಲ್ಕು ಪ್ಲೇಟುಗಳಿಗೆ ಹಂಚಿಹೋಗುತ್ತದೆ. ನಾಲ್ಕೂ ಕೂದಲೆಳೆಯಷ್ಟು ಸರಿದರೆ ಸಾಕು, ಸಣ್ಣ ಅಕ್ಷರದ ಅಂಚಿಗೆ ಬಣ್ಣ ಹತ್ತಿ ಒಳಗಿನ ಬಿಳಿ ಮುಚ್ಚುತ್ತದೆ. ಕನ್ನಡದಲ್ಲಿ ಆ ಬಿಳಿಯಲ್ಲೇ ಅರ್ಥವಿದೆ. ಥಕಾರದ ಹೊಟ್ಟೆಯ ಚುಕ್ಕೆ ಕರಗಿದರೆ ಅಕ್ಕಲಕೋಟದ ಸ್ವಾಮಿ ಸಮರ್ಥರು ‘ಸಮರ್ಧ’ರಾಗುತ್ತಾರೆ. ದಕಾರದ ಕೆಳಗಿನ ಧಕಾರದ ಒತ್ತಿನಲ್ಲಿರುವ ಸಣ್ಣ ಸೀಳು ತುಂಬಿದರೆ ಸಿದ್ಧರಾಮೇಶ್ವರ ‘ಸಿದ್ದರಾಮೇಶ್ವರ’ ಆಗುತ್ತದೆ. 1950ರಲ್ಲಿ ಎಂ.ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದ ಊರು ಸೊಲ್ಲಾಪುರ, ಜಯದೇವಿತಾಯಿ ಲಿಗಾಡೆಯವರ ಊರು. ಇಲ್ಲಿ ಅಚ್ಚಾಗುವ ಕನ್ನಡ ಸಿದ್ಧರಾಮನ ಹೆಸರಿನಲ್ಲೇ ಎಡವಬಾರದು. ಅಕ್ಷರಕ್ಕೆ ಕಪ್ಪಿನ ಒಂದೇ ಪ್ಲೇಟು, ನೂರಕ್ಕೆ ನೂರು. ಉಳಿದ ಮೂರು ಬಣ್ಣ ಸೊನ್ನೆ.

ಸಾಲುಗಳ ನಡುವಿನ ಜಾಗದಲ್ಲಿ ಜಿಪುಣತನ ಬೇಡ. ಮರಾಠಿ ಕಾರ್ಡಿನ ಅಳತೆಯಲ್ಲೇ ಕನ್ನಡ ತುಂಬಿಸುವುದು ಇಲ್ಲಿ ರೂಢಿ. ‘ಮಹಾರಾಷ್ಟ್ರ’ದಂಥ ಶಬ್ದದಲ್ಲಿ ಎರಡು ಒತ್ತು ಕೆಳಗಿಳಿಯುತ್ತವೆ, ಕೆಳಗಿನ ಸಾಲಿನ ಗುಡಿಸು ಮೇಲೇಳುತ್ತದೆ, ಎರಡೂ ಡಿಕ್ಕಿ ಹೊಡೆಯುತ್ತವೆ. 12 ಪಾಯಿಂಟಿನ ಅಕ್ಷರಕ್ಕೆ ನಾನು 17 ಪಾಯಿಂಟಿಗಿಂತ ಕಡಿಮೆ ಕೊಡಲಾರೆ, ಪುಟ ಎರಡು ಹೆಚ್ಚಾದರೂ ಸರಿ.

ಉಳಿದದ್ದು ಎಲ್ಲ ಭಾಷೆಗೂ ಒಂದೇ. ಅಂಚಿನವರೆಗೆ ಬಣ್ಣವಿದ್ದರೆ ಸುತ್ತ 3 ಮಿ.ಮೀ. ಬ್ಲೀಡ್ ಬಿಡಿ. ನಾಲ್ಕು ಇಂಚು ಅಗಲದ ಫೋಟೋಗೆ 1200 ಪಿಕ್ಸೆಲ್ ಬೇಕು. ವಾಟ್ಸ್‌ಆ್ಯಪಿನಲ್ಲಿ ತರಿಸುವುದಾದರೆ ಡಾಕ್ಯುಮೆಂಟ್ ಆಗಿಯೇ ತರಿಸಿ. ಪುಸ್ತಕದ ಬೆನ್ನಿನ ಅಗಲವನ್ನು ಕಾಗದ ಗೊತ್ತಾದ ಮೇಲೆ ಪ್ರೆಸ್ಸಿನವರನ್ನೇ ಕೇಳಿ.

ಕರಡನ್ನು ಮೊಬೈಲಿನಲ್ಲಿ ನೋಡಿ ಓಕೆ ಅನ್ನಬೇಡಿ. ಬೆರಳಿನಲ್ಲಿ ಹಿಗ್ಗಿಸಿದಾಗ ಕಾಣುವ ಚುಕ್ಕೆ ಕಾಗದದ ಮೇಲೆ ಕಾಣುತ್ತದೆಂಬ ಭರವಸೆಯಿಲ್ಲ. ಅಂತಿಮ ಪಿಡಿಎಫ್‌ನಿಂದಲೇ, ಅಸಲು ಅಳತೆಯಲ್ಲಿ ಪ್ರಿಂಟ್ ತೆಗೆದು ಗಟ್ಟಿಯಾಗಿ ಓದಿ. ಓದಿದ ಪ್ರತಿ ಹಾಳೆಗೂ ಸಹಿ ಹಾಕಿ ಫೈಲಿನ ಜೊತೆ ಪ್ರೆಸ್ಸಿಗೆ ಕೊಡಿ. ತೊಡಕಿನ ಒತ್ತು, ಅರ್ಕಾವತ್ತುಗಳಿಗೆ ಕೆಂಪು ಪೆನ್ನಿನಿಂದ ಸುತ್ತು ಹಾಕಿಡಿ. ಕನ್ನಡ ಓದಲು ಬಾರದ ಹುಡುಗನೂ ಎರಡು ಹಾಳೆ ಪಕ್ಕಪಕ್ಕ ಇಟ್ಟು ಆಕಾರ ಹೋಲಿಸಬಲ್ಲ. ಹಾಗೆ ಹೋಲಿಸಿ, “ಸರ್, ಇಲ್ಲಿ ಕೆಳಗ ಒಂದು ಗೀಟು ಕಮ್ಮಿ ಅದರಿ” ಎಂದು ಪ್ಲೇಟ್ ತೆಗೆಯುವ ಮೊದಲು ಫೋನ್ ಮಾಡುವವರು ಈ ಊರಲ್ಲಿದ್ದಾರೆ.