ಹೊಗೆ, ಅರಳೆ ಮತ್ತು ಮೊದಲ ವರ್ಷದ ತತ್ವಶಾಸ್ತ್ರ

ಧಾರವಾಡದ ಕಡೆ ‘ತತ್ವ’ ಎಂದೊಡನೆ ನೆನಪಾಗುವುದು ಶಿಶುನಾಳ ಶರೀಫರ ತತ್ವಪದ. ಉರ್ದು ಮಾತಾಡುವ ಮನೆಗಳಲ್ಲಿ ‘ಫಲ್ಸಫಾ’ ಎಂದರೆ ಕೆಲಸಕ್ಕೆ ಬಾರದ ಉದ್ದನೆಯ ಮಾತು ಎಂಬ ಕುಹಕವೂ ಉಂಟು. ಇವೆರಡರ ನಡುವಿನಿಂದ ಬಿ.ಎ. ಮೊದಲ ವರ್ಷದ ತತ್ವಶಾಸ್ತ್ರದ ತರಗತಿಗೆ ಬರುವ ಹುಡುಗ ಹುಡುಗಿಯರಿಗೆ ನಮ್ಮ ಅನೇಕ ಕಾಲೇಜುಗಳಲ್ಲಿ ಸಿಗುವುದು ಮಾತ್ರ ಹೆಸರುಗಳ ಪಟ್ಟಿ. ಚಾರ್ವಾಕ, ಬೌದ್ಧ, ನ್ಯಾಯ, ವೇದಾಂತ ಒಂದು ಪತ್ರಿಕೆ. ಸಾಕ್ರೆಟಿಸ್‌ನಿಂದ ಕಾಂಟ್‌ವರೆಗೆ ಇನ್ನೊಂದು. ಯಾರು ಏನೆಂದರು ಎಂಬುದನ್ನು ಬಾಯಿಪಾಠ ಮಾಡಿದರೆ ಪಾಸು. ಏಕೆ ಹಾಗೆಂದರು, ಒಪ್ಪದವನು ಏನು ಕೇಳಿದ ಎಂಬುದು ಗೈಡುಗಳಲ್ಲಿ ಇರುವುದಿಲ್ಲ.

ಬೇರೆ ಬಗೆಯ ಕಲಿಕೆ ಈ ಊರಿಗೆ ಅಪರಿಚಿತವೇನಲ್ಲ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಕೆ.ಜೆ. ಶಾ ಅವರು 1946-47ರಲ್ಲಿ ಕೇಂಬ್ರಿಜ್‌ನಲ್ಲಿ ವಿಟ್‌ಗೆನ್‌ಸ್ಟೈನರ ಪಾಠ ಕೇಳಿದವರು. ಅವರು ಬರೆದುಕೊಂಡದ್ದು ಇನ್ನಿಬ್ಬರ ಟಿಪ್ಪಣಿಗಳ ಜೊತೆ 1988ರಲ್ಲಿ ಪುಸ್ತಕವಾಯಿತು. ಯೋಚಿಸುವುದೆಂದರೇನು, ಇನ್ನೊಬ್ಬನ ನೋವು ನನಗೆ ಗೊತ್ತಾಗುವುದು ಹೇಗೆ ಎಂಬಂಥ ಸಾದಾ ಪ್ರಶ್ನೆಗಳ ಸುತ್ತಲೇ ಅಲ್ಲಿನ ಪಾಠ ಸುತ್ತುತ್ತದೆ. ಅದೂ ಟಿಪ್ಪಣಿಯೇ, ಆದರೆ ಪರೀಕ್ಷೆಗೆ ಬಾಯಿಪಾಠ ಮಾಡಲು ಬಾರದ ಟಿಪ್ಪಣಿ!

ಪಠ್ಯಗಳ ಇನ್ನೊಂದು ಕೊರತೆ, ಅರಿಸ್ಟಾಟಲ್‌ನಿಂದ ಹಾರಿ ನೇರ ಡೆಕಾರ್ಟ್‌ನ ಬಳಿ ಇಳಿಯುವುದು. ನಡುವೆ ಸುಮಾರು ಎರಡು ಸಾವಿರ ವರ್ಷ. ಇಬ್ನ್ ಸೀನಾ, ಇಮಾಮ್ ಗಝ್ಝಾಲಿ, ಇಬ್ನ್ ರುಶ್ದ್ ಅದರೊಳಗೇ ಮಾಯ. ಮುಸ್ಲಿಮರಿಗೂ ಒಂದು ಪಾಲು ಕೊಡಿ ಎಂಬ ಬೇಡಿಕೆ ಇದಲ್ಲ. ಅವರಿಲ್ಲದೆ ಪ್ರಶ್ನೆಯ ಎಳೆಯೇ ತುಂಡಾಗುತ್ತದೆ. ಹೊಗೆ ಕಂಡರೆ ಬೆಂಕಿ ಇದೆ ಎನ್ನಲು ಏನು ಆಧಾರ ಎಂದು ಚಾರ್ವಾಕ ಕೇಳುತ್ತಾನೆ, ನೈಯಾಯಿಕ ಉತ್ತರಿಸುತ್ತಾನೆ. ಅರಳೆಗೆ ಬೆಂಕಿ ತಾಗಿದಾಗ ಅದು ಉರಿಯುವುದನ್ನು ಕಾಣುತ್ತೇವೆ, ಆದರೆ ಬೆಂಕಿಯೇ ಉರಿಸಿತೆಂದು ಕಂಡವರಾರು ಎನ್ನುತ್ತಾರೆ ಗಝ್ಝಾಲಿ (ನಿಧನ 1111). ಕಾರಣವನ್ನೇ ಅಲ್ಲಗಳೆದರೆ ಅರಿವೇ ಉಳಿಯದು ಎಂದು ಇಬ್ನ್ ರುಶ್ದ್ ಮುಂದೆ ಮರುವಾದ ಹೂಡುತ್ತಾರೆ. ಹದಿನೆಂಟನೆಯ ಶತಮಾನದಲ್ಲಿ ಹ್ಯೂಮ್ ಹೆಚ್ಚುಕಡಿಮೆ ಅದೇ ಸಂಶಯವನ್ನು ಎತ್ತುತ್ತಾನೆ. ಇವರೆಲ್ಲರನ್ನು ಒಂದೇ ಬೆಂಚಿನ ಮೇಲೆ ಕೂರಿಸಿದರೆ ಹುಬ್ಬಳ್ಳಿಯ ಅರಳೆ ವ್ಯಾಪಾರಿಯ ಮಗಳೂ ವಾದಕ್ಕಿಳಿದಾಳು. ಆದರೆ ನಾವು ಹೊಗೆಯನ್ನು ಒಂದು ಪತ್ರಿಕೆಗೂ ಹ್ಯೂಮನನ್ನು ಇನ್ನೊಂದಕ್ಕೂ ಹಂಚಿ, ಅರಳೆಯನ್ನು ಕೈಬಿಟ್ಟಿದ್ದೇವೆ.

ಭಾಷೆಯ ತೊಡಕೂ ಇದೆ. ‘ಜ್ಞಾನಮೀಮಾಂಸೆ’ ಎಂಬ ಪದ ಕನ್ನಡ ಮಾಧ್ಯಮದವರಿಗೂ ಇಂಗ್ಲಿಷಿನಷ್ಟೇ ದೂರ.

ಈ ವಿಷಯ ಓದಿದರೆ ಮಕ್ಕಳ ಈಮಾನ್ ಸಡಿಲವಾಗುತ್ತದೆಂದು ಅಂಜುವ ಹಿರಿಯರು ಗಝ್ಝಾಲಿಯವರನ್ನೇ ನೋಡಬೇಕು. ದಾರ್ಶನಿಕರನ್ನು ಖಂಡಿಸಿದ ಅವರೇ, ಆ ದಾರ್ಶನಿಕರ ಮತವನ್ನು ‘ಮಕಾಸಿದ್’ ಎಂಬ ಗ್ರಂಥದಲ್ಲಿ ವಿವರಿಸಿಯೂ ಇದ್ದಾರೆ. ಎಷ್ಟು ನಿಷ್ಠೆಯಿಂದ ಎಂದರೆ, ಲ್ಯಾಟಿನ್ ಅನುವಾದದಲ್ಲಿ ಅದನ್ನೋದಿದ ಯುರೋಪಿನ ಅನೇಕ ವಿದ್ವಾಂಸರು ಅವರನ್ನು ಇಬ್ನ್ ಸೀನಾರ ಅನುಯಾಯಿ ಎಂದೇ ತಿಳಿದಿದ್ದರು.