ಕಳೆದ ನಕ್ಷೆ, ಕಲ್ಪಿಸಿದ ನಕ್ಷೆ

ವಿಜ್ಞಾನ ವಸ್ತುಪ್ರದರ್ಶನ ಹತ್ತಿರವಾದಾಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಯಾವ ಶಾಲೆಯಲ್ಲಾದರೂ ಒಬ್ಬ ವಿದ್ಯಾರ್ಥಿ ವಿಮಾನದ ಮಾದರಿ ಮಾಡುತ್ತೇನೆಂದು ಮುಂದೆ ಬರಬಹುದು. ಅವನ ಕೈಯಲ್ಲಿರುವ ನಕ್ಷೆ ಯಾವುದು, ಅದು ಎಲ್ಲಿಂದ ಬಂತು ಎಂದು ನೀವು ಮೊದಲು ಕೇಳಬೇಕು. ಏಕೆಂದರೆ 'ಕಳೆದುಹೋಗಿದ್ದು ಈಗ ಸಿಕ್ಕ ಮೂಲ ನಕ್ಷೆ' ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಬಗೆಯ ವಸ್ತುಗಳು ಚಲಾವಣೆಯಲ್ಲಿವೆ.

ಮೊದಲನೆಯದು ಹಳೆಯ ರೇಡಿಯೊ ನಿಯಂತ್ರಿತ ಮಾದರಿ ವಿಮಾನಗಳದು. ಅಮೆರಿಕದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಸಹೋದರರು 1937ರಲ್ಲಿ 'ಗಫ್' ಎಂಬ ಮಾದರಿಯನ್ನು ರೇಡಿಯೊ ಸಂಕೇತದಿಂದ ನಿಯಂತ್ರಿಸಿ ಹಾರಿಸಿದರು. ವಾಲ್ಟರ್ ಭೌತವಿಜ್ಞಾನಿ. ಆ ವಿಮಾನ ಈಗಲೂ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ. ಅನುಮಾನ ಬಂದರೆ ಹೋಗಿ ಅಳೆಯಬಹುದು. ಎಲ್ಲ ಮಾದರಿಗಳಿಗೂ ಆ ಭಾಗ್ಯವಿಲ್ಲ. ಎಷ್ಟೋ ವಿಮಾನಗಳು ನೆಲಕ್ಕೆ ಬಿದ್ದು ಪುಡಿಯಾದವು. ಅವುಗಳ ನಕ್ಷೆಯ ಹಾಳೆಗಳೂ ಹೋದವು. ಉಳಿದಿರುವುದು ಪತ್ರಿಕೆಯಲ್ಲಿ ಚಿಕ್ಕದಾಗಿ ಅಚ್ಚಾದ ರೇಖಾಚಿತ್ರ, ಒಂದೆರಡು ಛಾಯಾಚಿತ್ರ, ಬಿಡಿಭಾಗಗಳ ಪಟ್ಟಿ.

ಇವುಗಳಿಂದ ನಕ್ಷೆಯನ್ನು ಮತ್ತೆ ಪಡೆಯುವುದು ಒಳ್ಳೆಯ ಭೌತವಿಜ್ಞಾನದ ಲೆಕ್ಕ. ಮುಂದಿನಿಂದ ತೆಗೆದ ಒಂದು ಚಿತ್ರ ಇದೆಯೆನ್ನಿ. ಪ್ರೊಪೆಲರಿನ ಉದ್ದ 25 ಸೆಂಟಿಮೀಟರ್ ಎಂದು ಬಿಡಿಭಾಗಗಳ ಪಟ್ಟಿಯಿಂದ ತಿಳಿದಿದೆ. ಚಿತ್ರದಲ್ಲಿ ಅದು 10 ಮಿಲಿಮೀಟರ್. ಅಂದರೆ 25 ಪಾಲು ಚಿಕ್ಕದು. ಬಾಲದ ಅಡ್ಡರೆಕ್ಕೆ ಚಿತ್ರದಲ್ಲಿ 20 ಮಿಲಿಮೀಟರ್ ಇದ್ದರೆ ಅದರ ನಿಜವಾದ ಅಗಲ 50 ಸೆಂಟಿಮೀಟರೇ? ಅಲ್ಲ. ಪ್ರೊಪೆಲರ್ ಕ್ಯಾಮರಾದಿಂದ 3 ಮೀಟರ್ ದೂರದಲ್ಲೂ ಬಾಲ 4 ಮೀಟರ್ ದೂರದಲ್ಲೂ ಇದ್ದರೆ ಬಾಲ ಚಿತ್ರದಲ್ಲಿ ಮುಕ್ಕಾಲು ಪಾಲಿಗೆ ಕುಗ್ಗಿ ಕಾಣುತ್ತದೆ. ನಿಜವಾದ ಅಗಲ ಸುಮಾರು 67 ಸೆಂಟಿಮೀಟರ್. ಸಮರೂಪ ತ್ರಿಭುಜಗಳ ಪಾಠ ಕೇಳಿದ ಹತ್ತನೆಯ ತರಗತಿಯ ಹುಡುಗಿ ಇದನ್ನು ಮಾಡಬಲ್ಲಳು. ಜೆರಾಕ್ಸ್ ಪ್ರತಿಯಾದರೆ ಇನ್ನೊಂದು ತೊಡಕು: ಉದ್ದ ಮತ್ತು ಅಗಲಗಳು ಒಂದೇ ಪ್ರಮಾಣದಲ್ಲಿ ಹಿಗ್ಗಿರುತ್ತವೆಂಬ ಖಾತರಿಯಿಲ್ಲ. ಚಕ್ರ ವೃತ್ತಾಕಾರವಾಗಿಯೇ ಇದೆಯೇ ಎಂದು ನೋಡಿದರೆ ಅದು ಗೊತ್ತಾಗುತ್ತದೆ.

ಹೀಗೆ ದೊರೆತ ನಕ್ಷೆಗೆ ಕೊನೆಯ ಪರೀಕ್ಷೆ ಹಾರಾಟ. ಗುರುತ್ವಕೇಂದ್ರ ತೀರಾ ಹಿಂದೆ ಬಿದ್ದಿದ್ದರೆ ಮಾದರಿ ಮೂತಿ ಎತ್ತಿ, ವೇಗ ಕಳೆದುಕೊಂಡು ಕುಸಿಯುತ್ತದೆ. ಯಾವ ಗೆರೆ ಮೂಲದ್ದು, ಯಾವುದು ತನ್ನ ಊಹೆ ಎಂದು ಒಳ್ಳೆಯ ಹವ್ಯಾಸಿ ಹಾಳೆಯ ಮೇಲೆಯೇ ಬರೆದಿಡುತ್ತಾನೆ. ನನಗೆ ಈ ಅಭ್ಯಾಸ ಹಾರಾಟಕ್ಕಿಂತ ಹೆಚ್ಚಿನದಾಗಿ ಕಾಣುತ್ತದೆ.

ಎರಡನೆಯದು ನಮ್ಮ ನಾಡಿನದೇ ಆದ 'ವೈಮಾನಿಕ ಶಾಸ್ತ್ರ'. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ಅದರ ಚಿತ್ರಗಳು ಶಾಲಾ ಫಲಕಗಳ ಮೇಲೆ ಬಂದರೆ ನೋಡುವವರು ಅವನ್ನು ಪ್ರಾಚೀನ ನಕ್ಷೆಗಳೆಂದೇ ತಿಳಿಯುತ್ತಾರೆ. ದಾಖಲೆ ಹೇಳುವುದು ಬೇರೆ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರ ನಡುವೆ ಭರದ್ವಾಜ ಮಹರ್ಷಿಗಳ ಹೆಸರಿನಲ್ಲಿ ಶ್ಲೋಕಗಳನ್ನು ಹೇಳಿ ಬರೆಸಿದರು. ಅವರು ತಿಳಿಸಿದಂತೆ 1923ರಲ್ಲಿ ಚಿತ್ರಗಳನ್ನು ಬರೆದವರು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ನಕ್ಷೆಗಾರ ಟಿ. ಕೆ. ಎಲ್ಲಪ್ಪ. ಚಿತ್ರಗಳೊಡನೆ ಇಂಗ್ಲಿಷ್ ಅನುವಾದವನ್ನು ಜಿ. ಆರ್. ಜೋಯ್ಸರ್ 1973ರಲ್ಲಿ ಮೈಸೂರಿನಿಂದ ಹೊರತಂದರು. ಅಂದರೆ ಆ ನಕ್ಷೆಗಳು ರೈಟ್ ಸಹೋದರರ ಹಾರಾಟಕ್ಕಿಂತ ಇಪ್ಪತ್ತು ವರ್ಷ ಈಚಿನವು. ಕಳೆದುಹೋದ ಹಾಳೆಯೊಂದು ಇತ್ತೆಂಬುದಕ್ಕೆ ಆಧಾರವೇ ಇಲ್ಲದಿರುವಾಗ 'ಮತ್ತೆ ಸಿಕ್ಕಿತು' ಎಂಬ ಮಾತು ಹೇಗೆ ಸಲ್ಲುತ್ತದೆ?

1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು ಮತ್ತು ಎಸ್. ಪಿ. ಗೋವಿಂದರಾಜು ಈ ಗ್ರಂಥವನ್ನು ವಿಮರ್ಶಿಸಿದರು. ಅವರು ಗೇಲಿ ಮಾಡಿ ಬಿಡಲಿಲ್ಲ. ಭಾಷೆ, ಗ್ರಂಥದ ಇತಿಹಾಸ, ಆಕಾರ, ಹಾರಾಟದ ತತ್ತ್ವಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಕೃತಿ 20ನೆಯ ಶತಮಾನದ ಆರಂಭದ್ದು, ವರ್ಣಿಸಿದ ವಿಮಾನಗಳು ಹಾರಲಾರವು ಎಂದು ತೀರ್ಮಾನಿಸಿದರು. ಆದರೂ 2015ರ ಜನವರಿಯಲ್ಲಿ ಮುಂಬೈಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಾಚೀನ ವಿಮಾನಗಳ ಕುರಿತು ಉಪನ್ಯಾಸ ನಡೆಯಿತು. ಇಂಥ ಕಡೆ 'ಅಸಂಬದ್ಧ' ಎಂದು ಕೂಗಿ ಸುಮ್ಮನಾಗುವ ವಿಜ್ಞಾನ ಮಿತ್ರರ ಬಗ್ಗೆಯೂ ನನಗೆ ತಕರಾರಿದೆ. ಕೂಗಿನಿಂದ ವಿದ್ಯಾರ್ಥಿ ಏನನ್ನೂ ಕಲಿಯುವುದಿಲ್ಲ, ಲೆಕ್ಕದಿಂದ ಕಲಿಯುತ್ತಾನೆ.

ರುಕ್ಮ ವಿಮಾನವನ್ನೇ ತೆಗೆದುಕೊಳ್ಳಿ. ಮೇಲೆ ಪಂಖಗಳು, ಕೆಳಗೆ ನಿಂತ ಕೊಳವೆಗಳು. ಗಾಳಿಯನ್ನು ಮೇಲಿನಿಂದ ಎಳೆದು ಕೆಳಗೆ ನೂಕಿದರೆ ಎತ್ತುಬಲ ಬರುತ್ತದೆ ಎಂಬ ತತ್ತ್ವ ತಪ್ಪಲ್ಲ. ಬೇಕಾದ ಸಾಮರ್ಥ್ಯ ಎಷ್ಟು? ವಿಮಾನದ ತೂಕ ಕೇವಲ 1 ಟನ್, ಅಂದರೆ ಸುಮಾರು 10,000 ನ್ಯೂಟನ್ ಎಂದಿಟ್ಟುಕೊಳ್ಳಿ. ಪಂಖಗಳ ಒಟ್ಟು ವಿಸ್ತೀರ್ಣ 10 ಚದರ ಮೀಟರ್, ಗಾಳಿಯ ಸಾಂದ್ರತೆ ಘನ ಮೀಟರಿಗೆ 1.2 ಕಿಲೋಗ್ರಾಂ ಇರಲಿ. ಬಲದ ಘನವನ್ನು ಸಾಂದ್ರತೆ ಮತ್ತು ವಿಸ್ತೀರ್ಣಗಳ ಗುಣಲಬ್ಧದ ಇಮ್ಮಡಿಯಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. ಬರುವ ಉತ್ತರ ಸುಮಾರು 204 ಕಿಲೋವ್ಯಾಟ್. 270 ಅಶ್ವಶಕ್ತಿಗೂ ಮೇಲೆ. ನಷ್ಟಗಳೇ ಇಲ್ಲದ ಆದರ್ಶ ಯಂತ್ರಕ್ಕೆ ಇಷ್ಟು. ರೈಟ್ ಸಹೋದರರ 1903ರ ಎಂಜಿನ್ನಿನದು ಸುಮಾರು 12 ಅಶ್ವಶಕ್ತಿ. ಚಿತ್ರದಲ್ಲಿರುವ ಬಹು ಅಂತಸ್ತಿನ ಲೋಹದ ಗೋಪುರ 1 ಟನ್ನಿನಲ್ಲಿ ಮುಗಿಯುವುದಿಲ್ಲವೆಂದು ಬೇರೆ ಹೇಳಬೇಕಿಲ್ಲ. ತೂಕ ನಾಲ್ಕು ಪಟ್ಟಾದರೆ ಅದೇ ಪಂಖಗಳಿಗೆ ಸಾಮರ್ಥ್ಯ ಎಂಟು ಪಟ್ಟು ಬೇಕು.

ಹಾಗಾದರೆ ಆ ವಿದ್ಯಾರ್ಥಿಗೆ ಯಾವ ನಕ್ಷೆ ಕೊಡುವುದು? ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಮೊದಲ ಬಾರಿ ಹಾರಿತು. ಅದರ ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 10.7 ಮೀಟರ್. ಎಚ್‌ಎಎಲ್ ಸಂಗ್ರಹಾಲಯದಲ್ಲಿ ಅದನ್ನು ಕಣ್ಣಾರೆ ನೋಡಬಹುದು, ಸುತ್ತಲಿಂದ ಚಿತ್ರ ತೆಗೆಯಬಹುದು. ಆರನೆಯ ಒಂದು ಪಾಲಿನ ಮಾದರಿಗೆ 1.78 ಮೀಟರ್ ರೆಕ್ಕೆ ಸಾಕು. ಬಾಲ್ಸಾ ಮರ ಸಿಗದಿದ್ದರೆ ಮೊದಲ ಪ್ರಯತ್ನವನ್ನು ಇಪ್ಪತ್ತನಾಲ್ಕನೆಯ ಒಂದು ಪಾಲಿಗೆ ಇಳಿಸಿ, ನಮ್ಮ ಕಡೆಯ ಮಕ್ಕಳು ಬಂಡಿ ಮಾಡುವ ಜೋಳದ ದಂಟಿನ ಬೆಂಡಿನಲ್ಲಿಯೇ ಮಾಡಿಸಿ. ಮೂತಿಗೆ ಚೂರು ಮಣ್ಣು ಮೆತ್ತಿ, ರೆಕ್ಕೆಯ ಮುಂಚೂಣಿಯಿಂದ ಅದರ ಅಗಲದ ಕಾಲು ಭಾಗದಷ್ಟು ಹಿಂದೆ ಎರಡು ಬೆರಳ ಮೇಲೆ ತೂಗುವಂತೆ ಸರಿಪಡಿಸಿ, ಗಾಳಿಯಿಲ್ಲದ ಬೆಳಗಿನಲ್ಲಿ ಶಾಲೆಯ ಬಯಲಿನಲ್ಲಿ ಕೈಯಿಂದ ಬಿಡಿ. ಎಷ್ಟು ಮೀಟರ್ ತೇಲಿತೆಂಬುದನ್ನು ನಕ್ಷೆಯ ಮೂಲೆಯಲ್ಲಿ ದಿನಾಂಕದೊಡನೆ ಬರೆಸಿ.